ತಿದ್ದುವ ಬಳಪ ಯಾರ ಕೈಯಲ್ಲಿ?
ಕಡತದಿಂದ ಇ-ಮೇಲ್ ವಿಳಾಸಪಟ್ಟಿಯವರೆಗೆ

ತುಮಕೂರು ಜಿಲ್ಲೆಯ ಹೊನ್ನವಳ್ಳಿ ತಾನಿದ್ದ ಜಾಗದಿಂದ ಒಂದು ಗೇಣೂ ಕದಲಿಲ್ಲ. ಆದರೆ ಅದರ ವಿಳಾಸ ಹಲವು ಬಾರಿ ಬದಲಾಗಿದೆ. ‘ಗಂಗಾಪಾಣಿ’ ಎಂಬ ಸಿಹಿನೀರಿನ ತೆಂಗಿಗೆ ಹೆಸರಾಗಿದ್ದ ಈ ಊರು ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದವರೆಗೆ ಒಂದು ತಾಲ್ಲೂಕಿಗೇ ತನ್ನ ಹೆಸರು ಕೊಟ್ಟಿತ್ತು. ಬೆಂಗಳೂರಿನಿಂದ ಹರಿಹರದ ಕಡೆಗೆ ಹೋಗುವ ರೈಲುದಾರಿ ತಿಪಟೂರನ್ನು ಹಾದುಹೋಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ತಾಲ್ಲೂಕಿನ ಹೆಸರೂ ತಿಪಟೂರು ಎಂದಾಯಿತು. ಹೊನ್ನವಳ್ಳಿ ಅದರ ಹೋಬಳಿಗಳಲ್ಲಿ ಒಂದಾಗಿ ಉಳಿಯಿತು. 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬಂದಾಗ ವಿಳಾಸದ ಬಾಲಕ್ಕೆ 572ರಿಂದ ಆರಂಭವಾಗುವ ಆರು ಅಂಕಿ ಸೇರಿತು. 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲಿ ‘ತುಮ್ಕೂರ್’ ಎಂದಿದ್ದ ಜಿಲ್ಲೆಯ ಹೆಸರನ್ನು ‘ತುಮಕೂರು’ ಎಂದೇ ಬರೆಯಬೇಕೆಂದಾಯಿತು.

ಪ್ರತಿ ಬಾರಿಯೂ ತೀರ್ಮಾನ ಆದದ್ದು ಒಂದು ಕಡೆ. ಆದರೆ ತಿದ್ದಬೇಕಾಗಿ ಬಂದದ್ದು ನೂರಾರು ಕಡೆ. ಕೊಬ್ಬರಿ ವರ್ತಕರ ಖಾತೆ ಪುಸ್ತಕ, ನೆಂಟರ ಡೈರಿ, ಶಾಲೆಯ ದಾಖಲೆ, ಮದುವೆ ಕರೆಯೋಲೆಯ ಪಟ್ಟಿ ಹೀಗೆ ಎಲ್ಲೆಲ್ಲೂ ಹಳೆಯ ವಿಳಾಸವೇ ಉಳಿದಿರುತ್ತದೆ. ವಿಳಾಸಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ತೊಡಕಿನ ಚರಿತ್ರೆ. ಇಂದು ಕಚೇರಿಗಳಲ್ಲಿ, ಸಂಘಸಂಸ್ಥೆಗಳಲ್ಲಿ ಬಳಕೆಯಲ್ಲಿರುವ, ಇ-ಮೇಲ್ ತಂತ್ರಾಂಶದೊಳಗೆ ಹಲವರು ಸೇರಿ ಹಂಚಿಕೊಳ್ಳುವ ಸಂಪರ್ಕ ಪಟ್ಟಿ ಅದಕ್ಕೆ ಕಂಡುಕೊಂಡ ಇತ್ತೀಚಿನ ಪರಿಹಾರ. ಅದನ್ನು ಬಳಸುವವರ ಮುಂದೆ ಎರಡು ಪ್ರಶ್ನೆಗಳಿರುತ್ತವೆ: ಪಟ್ಟಿಯನ್ನು ಯಾರು ನೋಡಬಹುದು? ಯಾರು ತಿದ್ದಬಹುದು? ಈ ಪ್ರಶ್ನೆಗಳು ಕಂಪ್ಯೂಟರಿಗಿಂತ ಬಹಳ ಹಳೆಯವು.

ಶಾನುಭೋಗರ ಕಪ್ಪು ಪುಸ್ತಕ

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಜನರ ಹೆಸರು, ಅವರ ಜಮೀನು, ಕಂದಾಯದ ಬಾಕಿ ಎಲ್ಲವೂ ಒಂದೆಡೆ ಸಿಗುತ್ತಿದ್ದ ಜಾಗ ಶಾನುಭೋಗರ ಮನೆ. ಅವರ ಲೆಕ್ಕ ಇರುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕವದು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಿತ್ತು.

ಕಡತದ ಅನುಕೂಲವೂ ಅಪಾಯವೂ ಈ ಗುಣದಲ್ಲೇ ಇತ್ತು. ಪಟ್ಟಿ ಸದಾ ಹೊಸದಾಗಿರುತ್ತಿತ್ತು, ನಿಜ. ಆದರೆ ಅದನ್ನು ಓದಬಲ್ಲವರು ಊರಿನಲ್ಲಿ ಕೆಲವರೇ. ತಿದ್ದಬಲ್ಲವರು ಒಬ್ಬರೇ. ನಿನ್ನೆ ಏನಿತ್ತು, ಇಂದು ಏನಾಯಿತು ಎಂಬುದಕ್ಕೆ ಒರೆಸಿದ ಜಾಗದಲ್ಲಿ ಗುರುತು ಉಳಿಯುತ್ತಿರಲಿಲ್ಲ. ವಂಶಪಾರಂಪರ್ಯವಾಗಿ ಬಂದಿದ್ದ ಈ ಹುದ್ದೆಯನ್ನು ರಾಜ್ಯ ಸರ್ಕಾರ 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯ ಮೂಲಕ ಕೊನೆಗೊಳಿಸಿತು. ಕಾಯಿದೆ ಜಾರಿಗೆ ಬಂದದ್ದು 1963ರಲ್ಲಿ.

ಮುಂದೆ ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದಾಗ ಹಳೆಯ ಏರ್ಪಾಡು ತಲೆಕೆಳಗಾಯಿತು. ಯಾವ ರೈತನಾದರೂ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹಣ ಕಟ್ಟಿ ಪಹಣಿ ಪಡೆಯಬಹುದಾಯಿತು. ತಿದ್ದಬೇಕಾದ ನೌಕರರು ಮಾತ್ರ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕಾಯಿತು. ನೋಡುವ ಬಾಗಿಲು ಅಗಲವಾಯಿತು, ತಿದ್ದುವ ಬಾಗಿಲಿಗೆ ಚಿಲಕ ಬಿತ್ತು.

ಅಚ್ಚಾದ ದಿನವೇ ಹಳತಾಗುವ ಪುಸ್ತಕ

ಎಲ್ಲರೂ ನೋಡಬಹುದಾದ ಹೆಸರುಪಟ್ಟಿಗೆ ಜಗತ್ತಿನಲ್ಲಿ ದೊಡ್ಡ ರೂಪ ಕೊಟ್ಟದ್ದು ದೂರವಾಣಿ. 1878ರ ಫೆಬ್ರವರಿ 21ರಂದು ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ ಹೊರಬಂದ ಮೊದಲ ಡೈರೆಕ್ಟರಿ ಒಂದೇ ಹಾಳೆಯದು. ಅದರಲ್ಲಿದ್ದವರು 50 ಮಂದಿ ಚಂದಾದಾರರು. ಸಂಖ್ಯೆಗಳೇ ಇರಲಿಲ್ಲ, ಹೆಸರು ಹೇಳಿದರೆ ಆಪರೇಟರ್ ಸಂಪರ್ಕ ಕೊಡುತ್ತಿದ್ದರು. ನಾಲ್ಕು ವರ್ಷಗಳ ನಂತರ, 1882ರ ಜನವರಿಯಲ್ಲಿ, ಕಲ್ಕತ್ತೆಯ ವಿನಿಮಯ ಕೇಂದ್ರ 93 ಚಂದಾದಾರರೊಂದಿಗೆ ಆರಂಭವಾಯಿತು.

ಹಳ್ಳಿಗಳಿಗೆ ಈ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು ಬಹಳ ತಡವಾಗಿ. 1984ರಲ್ಲಿ ಸ್ಥಾಪನೆಯಾದ ‘ಸಿ-ಡಾಟ್’ ಸಂಸ್ಥೆ ರೂಪಿಸಿದ ಮೊದಲ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ 1986ರಲ್ಲಿ ಕರ್ನಾಟಕದ ಕಿತ್ತೂರಿನಲ್ಲೇ ಆರಂಭವಾಯಿತು ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಅನಂತರದ ವರ್ಷಗಳಲ್ಲಿ ತಿಪಟೂರಿಗೆ 08134, ಚಿಕ್ಕನಾಯಕನಹಳ್ಳಿಗೆ 08133, ತುರುವೇಕೆರೆಗೆ 08139 ಎಂಬ ಎಸ್‌ಟಿಡಿ ಸಂಖ್ಯೆಗಳು ಅಂಗಡಿ ಫಲಕಗಳ ಮೇಲೂ ಕರೆಯೋಲೆಗಳ ಮೇಲೂ ಕಾಣಿಸಿಕೊಂಡವು.

ದಪ್ಪನೆಯ ಡೈರೆಕ್ಟರಿ ಕಡತಕ್ಕೆ ಪೂರಾ ವಿರುದ್ಧ. ಅದನ್ನು ಯಾರು ಬೇಕಾದರೂ ನೋಡಬಹುದು. ತಿದ್ದುವ ಅಧಿಕಾರ ಇಲಾಖೆಯದು. ಆದರೆ ಒರೆಸಿ ಬರೆಯುವ ಸೌಲಭ್ಯ ಹೋಯಿತು. ಅಚ್ಚಾಗಿ ಮನೆ ಸೇರುವ ಹೊತ್ತಿಗೆ ಯಾರೋ ಮನೆ ಬದಲಿಸಿರುತ್ತಿದ್ದರು, ಯಾರೋ ತೀರಿಕೊಂಡಿರುತ್ತಿದ್ದರು. ಮುಂದಿನ ಮುದ್ರಣದವರೆಗೆ ತಪ್ಪು ತಪ್ಪಾಗಿಯೇ ಇರುತ್ತಿತ್ತು. ಕಡತದ ಹಾಗೆ ಸದಾ ಹೊಸದಾಗಿರಬೇಕು, ಡೈರೆಕ್ಟರಿಯ ಹಾಗೆ ಎಲ್ಲರಿಗೂ ಸಿಗಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದು ಕಾಗದದಿಂದ ಆಗಲಿಲ್ಲ.

ಕಂಪ್ಯೂಟರಿನ ಕಡತ

ಕಂಪ್ಯೂಟರ್ ಫೈಲಿಗೂ ಕನ್ನಡದಲ್ಲಿ ಕಡತವೆಂದೇ ಹೆಸರಾದದ್ದು ಅರ್ಥಪೂರ್ಣ. ಇಂಟರ್‌ನೆಟ್‌ನ ಪೂರ್ವಜನಾದ ಅಮೆರಿಕದ ‘ಅರ್ಪಾನೆಟ್’ ಜಾಲದಲ್ಲಿ ಎಲ್ಲ ಕಂಪ್ಯೂಟರ್‌ಗಳ ಹೆಸರೂ ವಿಳಾಸವೂ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ನೇತೃತ್ವದ ತಂಡ ಅದನ್ನು ಕಾಪಾಡುತ್ತಿತ್ತು. ಜಾಲಕ್ಕೆ ಸೇರುವವರು ಆ ತಂಡಕ್ಕೆ ತಿಳಿಸಬೇಕು, ತಂಡ ಹೆಸರು ಸೇರಿಸಬೇಕು, ಉಳಿದವರು ಪ್ರತಿ ಪಡೆದುಕೊಳ್ಳಬೇಕು. ಜಾಲದ ಬಳಕೆದಾರರ ಅಂಚೆ ವಿಳಾಸ, ದೂರವಾಣಿ, ಇ-ಮೇಲ್ ವಿಳಾಸಗಳ ಡೈರೆಕ್ಟರಿಯನ್ನೂ ಇದೇ ತಂಡ ಸಿದ್ಧಪಡಿಸುತ್ತಿತ್ತು. ಒಂದರ್ಥದಲ್ಲಿ ಫೈನ್ಲರ್ ಅವರ ಕಚೇರಿ ಇಡೀ ಜಾಲದ ಶಾನುಭೋಗಿಕೆಯನ್ನು ನಡೆಸುತ್ತಿತ್ತು.

ಜಾಲ ಬೆಳೆದಂತೆ ಒಂದು ಕಚೇರಿಗೆ ಈ ಭಾರ ಹೆಚ್ಚಾಯಿತು. ಪ್ರತಿಗಳು ಹಳತಾಗುವ ಹಳೆಯ ಕಾಯಿಲೆಯೂ ಮರುಕಳಿಸಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ಹೊಸ ವ್ಯವಸ್ಥೆ ಕಂಪ್ಯೂಟರ್‌ಗಳ ಹೆಸರಿನ ಪಟ್ಟಿಯನ್ನು ಹಲವು ಕಡೆಗೆ ಹಂಚಿತು. ವ್ಯಕ್ತಿಗಳ ಪಟ್ಟಿಗಾಗಿ 1988ರಲ್ಲಿ ‘ಎಕ್ಸ್.500’ ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದಿತು. ಅದು ಸಾಮಾನ್ಯ ಕಂಪ್ಯೂಟರ್‌ಗಳಿಗೆ ತೀರಾ ಭಾರವಾಗಿತ್ತು. 1993ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಮತ್ತು ಸಂಗಡಿಗರು ಅದರ ಹಗುರ ರೂಪವಾದ ‘ಎಲ್‌ಡಿಎಪಿ’ಯನ್ನು ಪ್ರಕಟಿಸಿದರು. ಇ-ಮೇಲ್ ಬರೆಯುವಾಗ ಹೆಸರಿನ ಮೂರು ಅಕ್ಷರ ಒತ್ತುತ್ತಲೇ ಕಚೇರಿಯ ಪಟ್ಟಿಯಿಂದ ಹೊಂದುವ ಹೆಸರುಗಳು ಸಾಲಾಗಿ ಇಳಿದುಬರುವುದರ ಹಿಂದೆ ಅನೇಕ ಕಡೆ ಈಗಲೂ ಕೆಲಸ ಮಾಡುವುದು ಇದೇ ಏರ್ಪಾಡು.

ಇ-ಮೇಲ್ ಜನಸಾಮಾನ್ಯರಿಗೆ ತಲುಪಿದ್ದೂ ಆ ದಶಕದಲ್ಲೇ. ಭಾರತದಲ್ಲಿ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ಸಂಪರ್ಕ ಸಿಕ್ಕಿತು. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ 1996ರ ಜುಲೈ 4ರಂದು ಅಮೆರಿಕದಲ್ಲಿ ಸಂಗಡಿಗನೊಂದಿಗೆ ‘ಹಾಟ್‌ಮೇಲ್’ ಆರಂಭಿಸಿದರು. ಅದೇ ವರ್ಷ ಮೈಕ್ರೋಸಾಫ್ಟ್ ಹೊರತಂದ ‘ಎಕ್ಸ್‌ಚೇಂಜ್ ಸರ್ವರ್’ ಒಂದು ಕಂಪನಿಯ ಎಲ್ಲ ನೌಕರರ ವಿಳಾಸಗಳನ್ನು ಒಂದೇ ಸಾಮೂಹಿಕ ಪಟ್ಟಿಯಾಗಿ ಪ್ರತಿಯೊಬ್ಬರ ಮೇಜಿನ ಮೇಲಿಟ್ಟಿತು.

ನೋಡುವ ಹಕ್ಕು, ತಿದ್ದುವ ಹಕ್ಕು

ಈ ಏರ್ಪಾಡು ಕೆಲಸ ಮಾಡುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗು ಬೆಳೆಗಾರರ ಒಂದು ಸಂಘವಿದೆ ಎಂದುಕೊಳ್ಳೋಣ. ಸದಸ್ಯರ ಪಟ್ಟಿಯನ್ನು ಗುಮಾಸ್ತರು ಐದು ಮಂದಿ ಪದಾಧಿಕಾರಿಗಳಿಗೆ ಕಳುಹಿಸಿದರೆ ಅಂದಿನಿಂದ ಪಟ್ಟಿ ಒಂದಲ್ಲ, ಆರು. ಪ್ರತಿಯೊಂದೂ ತನ್ನ ದಾರಿಯಲ್ಲಿ ಹಳತಾಗುತ್ತದೆ. ಅದರ ಬದಲು ಪಟ್ಟಿ ಸರ್ವರ್ ಎಂಬ ಒಂದೇ ಕಂಪ್ಯೂಟರಿನಲ್ಲಿದ್ದು, ಆರೂ ಮಂದಿಯ ಇ-ಮೇಲ್ ತಂತ್ರಾಂಶ ಅಲ್ಲಿಗೆ ಹೋಗಿ ನೋಡುವಂತಾದರೆ ಒಂದು ಕಡೆ ತಿದ್ದಿದ್ದು ಎಲ್ಲರಿಗೂ ಕಾಣುತ್ತದೆ.

ಪಟ್ಟಿಯ ಒಡೆಯರು ಉಳಿದವರಿಗೆ ಹಕ್ಕುಗಳನ್ನು ಬೇರೆ ಬೇರೆಯಾಗಿ ಕೊಡಬಹುದು. ಕೆಲವರಿಗೆ ಓದುವುದಕ್ಕೆ ಮಾತ್ರ, ಕೆಲವರಿಗೆ ಸೇರಿಸುವುದಕ್ಕೆ, ಇನ್ನು ಕೆಲವರಿಗೆ ತಿದ್ದಿ ಅಳಿಸುವುದಕ್ಕೂ ಅಧಿಕಾರ. 2011ರಲ್ಲಿ ಬಂದ ‘ಕಾರ್ಡ್‌ಡ್ಯಾವ್’ ಎಂಬ ಮಾನದಂಡದಲ್ಲಿ ಪ್ರತಿಯೊಬ್ಬರ ವಿವರವೂ ಒಂದೊಂದು ಚೀಟಿಯಂತೆ ಇರುತ್ತದೆ. ಚೀಟಿ ಬದಲಾದಾಗಲೆಲ್ಲ ಅದರ ಗುರುತೂ ಬದಲಾಗುತ್ತದೆ. ಇಬ್ಬರು ಒಂದೇ ಚೀಟಿಯನ್ನು ತಿದ್ದಹೊರಟರೆ, ಹಳೆಯ ಗುರುತು ಹಿಡಿದು ಬಂದವರ ತಿದ್ದುಪಡಿಯನ್ನು ಸರ್ವರ್ ತಡೆಹಿಡಿಯಬಲ್ಲದು. ಒರೆಸಿದ್ದು ಯಾರಿಗೂ ತಿಳಿಯದಂತೆ ಒರೆಸುವ ಕಡತದ ದೋಷಕ್ಕೆ ಇದು ತಕ್ಕಮಟ್ಟಿನ ಮದ್ದು.

ಆದರೂ ಹಳೆಯ ವಿಳಾಸ ಸುಲಭವಾಗಿ ಸಾಯುವುದಿಲ್ಲ. ಹಿಂದೆ ಬರೆದ ವಿಳಾಸಗಳನ್ನು ಇ-ಮೇಲ್ ತಂತ್ರಾಂಶ ತನ್ನಷ್ಟಕ್ಕೆ ತಾನೇ ನೆನಪಿಟ್ಟುಕೊಂಡಿರುತ್ತದೆ. ಸಾಮೂಹಿಕ ಪಟ್ಟಿ ಸರಿಯಾದ ಮೇಲೂ, ಎರಡು ಅಕ್ಷರ ಒತ್ತುತ್ತಲೇ ಹಳೆಯ ವಿಳಾಸವನ್ನೇ ಮುಂದಿಡಬಹುದು. ಪತ್ರ ಯಾರೂ ತೆರೆಯದ ಪೆಟ್ಟಿಗೆಗೆ ಹೋಗಿ ಬೀಳುತ್ತದೆ. ಸಂಘದ ಪಟ್ಟಿ ಸರಿಯಿದ್ದರೆ ಸಾಲದು, ತನ್ನ ಮೇಜಿನ ನೆನಪನ್ನೂ ಆಗಾಗ ಅಳಿಸಬೇಕು ಎಂಬುದು ಬಳಕೆದಾರರು ಮರೆಯುವ ಮಾತು.

ತೀನಂಶ್ರೀ ಅವರ ‘ಮೊದಲ ಹೆಸರು’ ಯಾವುದು?

ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಈ ಪಟ್ಟಿಗಳು ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಖಾನೆಗಳನ್ನು ಮುಂದಿಡುತ್ತವೆ. ಪಾಶ್ಚಾತ್ಯರ ಪದ್ಧತಿಯಲ್ಲಿ ಮೊದಲನೆಯದು ವ್ಯಕ್ತಿಯದು, ಕೊನೆಯದು ಮನೆತನದ್ದು. ಹಳೆಯ ಮೈಸೂರಿನ ಪದ್ಧತಿಯಲ್ಲಿ ಊರು ಮೊದಲು, ಅನಂತರ ತಂದೆ, ಕೊನೆಯಲ್ಲಿ ವ್ಯಕ್ತಿ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ವಿದ್ವಾಂಸ ತೀನಂಶ್ರೀ ಅವರ ಪೂರ್ಣ ಹೆಸರು ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯ. ಇದನ್ನು ಖಾನೆಗಳಲ್ಲಿ ಇದ್ದ ಹಾಗೆಯೇ ತುಂಬಿದರೆ ಊರೇ ವ್ಯಕ್ತಿಯ ಹೆಸರಾಗಿಬಿಡುತ್ತದೆ, ‘ಪ್ರಿಯ ತೀರ್ಥಪುರ’ ಎಂದು ಓಲೆ ಹೊರಡುತ್ತದೆ. ಒಬ್ಬ ಗುಮಾಸ್ತರು ಹೀಗೆ, ಇನ್ನೊಬ್ಬರು ಹಾಗೆ ತುಂಬಿದರೆ ಒಬ್ಬನೇ ಸದಸ್ಯ ಪಟ್ಟಿಯಲ್ಲಿ ಇಬ್ಬರಾಗುತ್ತಾನೆ.

ಕನ್ನಡ ಲಿಪಿಯಲ್ಲೇ ಬರೆದರೂ ಬಹುಕಾಲ ಬಿಡುಗಡೆ ಇರಲಿಲ್ಲ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಹೆಸರು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು. ತನಗೆ ಮಾತ್ರ ಓದಲಾಗುವ ಪಟ್ಟಿಯನ್ನು ಹಂಚಿಕೊಂಡು ಏನು ಪ್ರಯೋಜನ? 1991ರಲ್ಲಿ ಬಂದ ಯುನಿಕೋಡ್ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಟ್ಟಿತು. 2011ರಲ್ಲಿ ಸಂಪರ್ಕ ಚೀಟಿಯ ನಾಲ್ಕನೇ ಆವೃತ್ತಿಯ ಮಾನದಂಡ ಯುನಿಕೋಡ್ ಆಧಾರಿತ ಬರಹವನ್ನೇ ಕಡ್ಡಾಯ ಮಾಡಿತು.

ಬಾಗಿಲು ತೆರೆದಿಟ್ಟರೆ

ಹಂಚಿಕೊಂಡ ಪಟ್ಟಿಯ ಅಪಾಯ ಎಷ್ಟೆಂದು ಜಗತ್ತಿಗೆ ತಿಳಿದದ್ದು 1999ರ ಮಾರ್ಚ್ 26ರಂದು. ಅಂದು ಹರಡಿದ ‘ಮೆಲಿಸ್ಸಾ’ ವೈರಸ್ ಇ-ಮೇಲ್ ತಂತ್ರಾಂಶದ ಪ್ರತಿ ವಿಳಾಸಪಟ್ಟಿಯ ಮೊದಲ 50 ವಿಳಾಸಗಳಿಗೆ ತನ್ನನ್ನೇ ಕಳುಹಿಸಿಕೊಳ್ಳುತ್ತಿತ್ತು. ಕಂಪನಿಯ ಸಾಮೂಹಿಕ ಪಟ್ಟಿಯಲ್ಲಿ ‘ಎಲ್ಲ ನೌಕರರು’ ಎಂಬಂಥ ಒಂದು ಗುಂಪಿನ ವಿಳಾಸವೇ ಆ ಐವತ್ತರಲ್ಲಿದ್ದರೆ ಒಂದೇ ಏಟಿಗೆ ಸಾವಿರಾರು ಮಂದಿಗೆ ತಲುಪುತ್ತಿತ್ತು. ಮರುವರ್ಷ ಮೇ 4ರಂದು ಬಂದ ‘ಐ ಲವ್ ಯೂ’ ಐವತ್ತಕ್ಕೂ ನಿಲ್ಲಲಿಲ್ಲ, ಪಟ್ಟಿಯ ಎಲ್ಲರಿಗೂ ಹೋಯಿತು. ಪರಿಚಿತರ ಹೆಸರಿನಿಂದ ಬಂದ ಓಲೆಯೆಂದು ಜನ ನಂಬಿ ತೆರೆದರು.

ಇಂದು ಅಪಾಯ ಬೇರೆ ರೂಪದಲ್ಲಿದೆ. ಬೆಳೆಗಾರರ ಹೆಸರು, ಮೊಬೈಲ್ ಸಂಖ್ಯೆ, ಊರು ಇರುವ ಪಟ್ಟಿ ವರ್ತಕರಿಗೂ ಬೇಕು, ಸಾಲ ಕೊಡುವವರಿಗೂ ಬೇಕು, ವಂಚಕರಿಗಂತೂ ಬೇಕೇ ಬೇಕು. ಒಬ್ಬರು ತಮ್ಮ ಡೈರಿ ಕಳೆದುಕೊಂಡರೆ ಹೋಗುವುದು ಅವರ ಪರಿಚಿತರ ವಿವರ. ಸಾಮೂಹಿಕ ಪಟ್ಟಿಯ ಗುಪ್ತಪದ ಕಳೆದುಕೊಂಡರೆ ಹೋಗುವುದು ಮೂರು ತಾಲ್ಲೂಕಿನ ವಿವರ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ತನ್ನ ವಿವರವನ್ನು ತಿದ್ದಿಸುವ, ಅಳಿಸಿಸುವ ಹಕ್ಕು ಆ ವ್ಯಕ್ತಿಗೂ ಉಂಟೆಂದು ಒಪ್ಪಿದೆ. ಪಟ್ಟಿಗಳ ದೀರ್ಘ ಚರಿತ್ರೆಯಲ್ಲಿ ಇದೊಂದು ಮುಖ್ಯ ತಿರುವು. ಅಲ್ಲಿಯವರೆಗೆ ಪಟ್ಟಿಯನ್ನು ಬರೆದವರ, ಓದಿದವರ ಮಾತಷ್ಟೇ ಇತ್ತು. ಅದರೊಳಗೆ ಹೆಸರಿದ್ದವರ ಮಾತು ಕಡಿಮೆ.

ಹೊನ್ನವಳ್ಳಿಯ ವಿಳಾಸ ಈಗ ಮತ್ತೊಮ್ಮೆ ಬದಲಾಗುವ ಹಾದಿಯಲ್ಲಿದೆ. ಅಂಚೆ ಇಲಾಖೆ 2025ರಲ್ಲಿ ಹೊರತಂದ ‘ಡಿಜಿಪಿನ್’ ದೇಶದ ನೆಲವನ್ನು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ಭಾಗಿಸಿ, ಪ್ರತಿ ಚೌಕಕ್ಕೂ ಹತ್ತು ಅಕ್ಷರ-ಅಂಕಿಗಳ ಸಂಕೇತ ಕೊಟ್ಟಿದೆ. ಆ ಲೆಕ್ಕದಲ್ಲಿ ಒಂದು ತೆಂಗಿನ ಮರಕ್ಕೂ ವಿಳಾಸವುಂಟು. ಆ ಸಂಕೇತದಲ್ಲಿ ಯಾರ ಹೆಸರೂ ಇಲ್ಲ, ಇರುವುದು ಜಾಗ ಮಾತ್ರ. ಜಾಗದ ಮುಂದೆ ಹೆಸರು ಬರೆದುಕೊಳ್ಳುವ ಕೆಲಸ ಮತ್ತೆ ಸಂಘ, ಅಂಗಡಿ, ಕಚೇರಿಗಳ ಪಟ್ಟಿಗಳಿಗೇ ಬರುತ್ತದೆ. ಆ ಪಟ್ಟಿಯನ್ನು ತೆರೆಯುವ ಮುನ್ನ ಸಂಘದ ಸಭೆಯಲ್ಲಿ ಎರಡು ಹೆಸರುಗಳನ್ನು ನಿರ್ಧರಿಸಿ ಬರೆದಿಡುವುದು ಒಳ್ಳೆಯದು: ತಿದ್ದುವವರು ಯಾರು, ಅವರು ಬಿಟ್ಟುಹೋದರೆ ಬಳಪ ಯಾರ ಕೈಗೆ.