ಎಮ್ಮೆ, ಹುಲ್ಲು ಮತ್ತು ಸೈಬೀರಿಯಾದ ಕೊಕ್ಕರೆ



ನಮ್ಮ ಸೀಮೆಯಲ್ಲಿ ಬೆಳೆದವರಿಗೆ ಮಂಗನ ಕಾಯಿಲೆಯ ವಿಷಯ ಹೊಸದಾಗಿ ಹೇಳಬೇಕಾಗಿಲ್ಲ. ನಾನು ಚಿಕ್ಕವನಿದ್ದಾಗ ಕಾಡಿನಲ್ಲಿ ಮಂಗ ಸತ್ತುಬಿದ್ದಿದೆ ಎಂಬ ಸುದ್ದಿ ಬಂದರೆ ಸಾಕು, ಹೆಂಗಸರು ಸೊಪ್ಪಿಗೆ ಹೋಗುವುದು ನಿಲ್ಲುತ್ತಿತ್ತು, ದನ ಕಾಯುವ ಹುಡುಗರು ಊರಂಚಿನಲ್ಲೇ ಉಳಿಯುತ್ತಿದ್ದರು. ಈ ರೋಗ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆದುದರಿಂದಲೇ ಜಗತ್ತಿನ ವೈದ್ಯಗ್ರಂಥಗಳಲ್ಲಿ ನಮ್ಮ ಆ ಸಣ್ಣ ಊರಿನ ಹೆಸರು ಶಾಶ್ವತವಾಗಿ ಸೇರಿಹೋಗಿದೆ. (ಊರಿಗೆ ಕೀರ್ತಿ ಬರುವುದಕ್ಕೆ ಬೇರೆ ಕಾರಣ ಸಿಕ್ಕಿದ್ದರೆ ಚೆನ್ನಾಗಿತ್ತು.)

ಇಂದು ನಾನು ಬರೆಯಹೊರಟಿರುವುದು ಆ ಕಾಯಿಲೆಯ ಬಗ್ಗೆ ಅಲ್ಲ. ದೂರದ ರಾಜಸ್ಥಾನದ ಭರತಪುರದ ಒಂದು ಜೌಗುನೆಲದ ಬಗ್ಗೆ. ಇವೆರಡಕ್ಕೂ ಸಂಬಂಧವಿದೆ ಎಂಬುದು ನನಗೂ ಬಹಳ ಕಾಲ ತಿಳಿದಿರಲಿಲ್ಲ.

ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮಂಗನ ಕಾಯಿಲೆಯ ವೈರಾಣುವನ್ನು ಬೇರ್ಪಡಿಸಿದಾಗ, ಅದು ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಒಂದು ಮೆದುಳುಜ್ವರದ ವೈರಾಣುವಿಗೆ ದಾಯಾದಿ ಎಂದು ಕಂಡುಬಂದಿತು. ಅಲ್ಲಿಯ ನಂಟು ಇಲ್ಲಿಗೆ ಬಂದದ್ದು ಹೇಗೆ? ಪ್ರತಿ ಚಳಿಗಾಲದಲ್ಲಿ ಉತ್ತರದಿಂದ ಬರುವ ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳು ಅದನ್ನು ಹೊತ್ತು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. ಹಕ್ಕಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬುದರ ಸರಿಯಾದ ಲೆಕ್ಕವೇ ಆಗ ನಮ್ಮ ದೇಶದಲ್ಲಿ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಧನಸಹಾಯದಿಂದ 1959ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಸಾಲಿಂ ಅಲಿಯವರ ನೇತೃತ್ವದಲ್ಲಿ, ಹಕ್ಕಿಗಳ ಕಾಲಿಗೆ ಅಂಕಿ ಕೆತ್ತಿದ ಲೋಹದ ಉಂಗುರ ತೊಡಿಸಿ ಹಾರಿಬಿಡುವ ಕೆಲಸವನ್ನು ಕೈಗೆತ್ತಿಕೊಂಡಿತು. ಆ ಕೆಲಸದ ಮುಖ್ಯ ಶಿಬಿರಗಳಲ್ಲಿ ಭರತಪುರವೂ ಒಂದಾಯಿತು. ಹಕ್ಕಿಗಳನ್ನು ಗಾಯವಾಗದಂತೆ ಹಿಡಿಯಲು ನುರಿತ ಕೈಗಳು ಬೇಕಿದ್ದವು. ಅದಕ್ಕಾಗಿ ಬಿಹಾರದಿಂದ ಮೀರ್‌ಶಿಕಾರಿಗಳನ್ನು, ಎಂದರೆ ಬಲೆಯೊಡ್ಡಿ ಹಕ್ಕಿ ಹಿಡಿಯುವುದೇ ಕುಲಕಸುಬಾಗಿದ್ದವರನ್ನು, ಕರೆಸಬೇಕಾಯಿತು. ಭರತಪುರದಲ್ಲಿ ಉಂಗುರ ತೊಟ್ಟ ಬಾತುಗಳು ಸೈಬೀರಿಯಾದಲ್ಲಿ ಸಿಕ್ಕವು. ಮಂಗನ ಕಾಯಿಲೆಯನ್ನು ತಂದ ಅಪರಾಧ ಮಾತ್ರ ಹಕ್ಕಿಗಳ ಮೇಲೆ ದೃಢಪಡಲಿಲ್ಲ. ಅಂತೂ ನಮ್ಮ ಮಲೆನಾಡಿನ ರೋಗದ ನೆಪದಲ್ಲಿ ದೇಶದ ಹಕ್ಕಿಶಾಸ್ತ್ರಕ್ಕೆ ಹೊಸ ದಾರಿ ತೆರೆಯಿತು.

ಭರತಪುರದ ಈ ಜಾಗಕ್ಕೆ ಕೇವಲಾದೇವ ಘನಾ ಎಂದು ಹೆಸರು. ಒಳಗಿರುವ ಶಿವಾಲಯದಿಂದ ಬಂದದ್ದು. ಸುಮಾರು 29 ಚದರ ಕಿಲೋಮೀಟರಿನ ತಗ್ಗುಪ್ರದೇಶ. ಇದು ಪೂರ್ತಿ ನಿಸರ್ಗನಿರ್ಮಿತವಲ್ಲ ಎಂಬುದನ್ನು ಗಮನದಲ್ಲಿಡಬೇಕು. ಅಜಾನ್ ಎಂಬ ಕಟ್ಟೆಯ ನೀರನ್ನು ಮಳೆಗಾಲದಲ್ಲಿ ಕಾಲುವೆಗಳ ಮೂಲಕ ಇಲ್ಲಿಗೆ ಹಾಯಿಸಿ, ಅರಸರು ಬಾತುಗಳ ಬೇಟೆಗೆಂದು ಸಿದ್ಧಪಡಿಸಿದ ತಾಣವಿದು. ದೇವಾಲಯದ ಬಳಿ ಬೇಟೆಯ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. 1938ರ ನವೆಂಬರ್ 12ರಂದು ವೈಸರಾಯ್ ಲಾರ್ಡ್ ಲಿನ್‌ಲಿತ್‌ಗೋ ಬಂದಿದ್ದಾಗ ಒಂದೇ ದಿನ ಬಿದ್ದ ಹಕ್ಕಿಗಳು 4,273. ಕಾಕತಾಳೀಯವೆಂದರೆ ಅದು ಸಾಲಿಂ ಅಲಿಯವರ ನಲವತ್ತೆರಡನೆಯ ಹುಟ್ಟುಹಬ್ಬದ ದಿನ. ಅದಾದ ಎರಡೇ ವರ್ಷಕ್ಕೆ, 1940ರಲ್ಲಿ, ಅವರ ಸಲಹೆಯಂತೆ ನಮ್ಮ ಮೈಸೂರು ಸಂಸ್ಥಾನ ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸಿತು.

ಸ್ವಾತಂತ್ರ್ಯ ಬಂದ ಮೇಲೆ ಈ ಜೌಗನ್ನು ಒಣಗಿಸಿ ಹೊಲ ಮಾಡಬೇಕೆಂಬ ಒತ್ತಾಯ ಬಂದಿತು. ಸಾಲಿಂ ಅಲಿಯವರು ನೆಹರೂ ಅವರವರೆಗೂ ವಿಷಯ ಒಯ್ದು ಅದನ್ನು ಉಳಿಸಿದರು. ಮುಂದೆ 1981ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು, ರಾಷ್ಟ್ರೀಯ ಉದ್ಯಾನವಾಯಿತು, 1985ರಲ್ಲಿ ವಿಶ್ವ ಪರಂಪರೆಯ ತಾಣವೂ ಆಯಿತು.

ಕಷ್ಟ ಶುರುವಾದದ್ದು ರಾಷ್ಟ್ರೀಯ ಉದ್ಯಾನವಾದ ಮೇಲೆಯೇ. ಕಾನೂನಿನ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ದನ ಮೇಯಿಸುವಂತಿಲ್ಲ. ಸುತ್ತಲಿನ ಹಳ್ಳಿಗಳವರು ತಲೆತಲಾಂತರದಿಂದ ಎಮ್ಮೆಗಳನ್ನು ಅಲ್ಲಿಯ ನೀರಿಗೆ ಬಿಡುತ್ತಿದ್ದರು. 1982ರ ನವೆಂಬರಿನಲ್ಲಿ ಮೇವನ್ನು ಏಕಾಏಕಿ ನಿಷೇಧಿಸಲಾಯಿತು. ಜನ ತಿರುಗಿಬಿದ್ದರು, ಪೊಲೀಸರು ಗುಂಡು ಹಾರಿಸಿದರು, ಹಲವರು ಪ್ರಾಣ ತೆತ್ತರು. ಸಾಲಿಂ ಅಲಿಯವರೂ ಅವರ ಸೊಸೈಟಿಯೂ ಮೇವಿನ ನಿಷೇಧದ ಪರವಾಗಿಯೇ ಇದ್ದರು. ಎಮ್ಮೆ ಹೋದರೆ ಹಕ್ಕಿಗೆ ಒಳ್ಳೆಯದು ಎಂಬುದು ಆಗ ಎಲ್ಲ ವಿದ್ಯಾವಂತರ ನಂಬಿಕೆ.

ನನ್ನ ನಂಬಿಕೆಯೂ ಅದೇ. ನಾನು ಆಗತಾನೇ ಬಿ.ಇಡ್. ಮುಗಿಸಿ ಮೇಷ್ಟ್ರಾದವನು. ಒಂಬತ್ತನೆಯ ತರಗತಿಗೆ ಪರಿಸರದ ಪಾಠ ಮಾಡುತ್ತ, ಮೇಯಿಸುವುದನ್ನು ನಿಲ್ಲಿಸಿಬಿಟ್ಟರೆ ಕಾಡು, ಕೆರೆ ಎಲ್ಲವೂ ತಾವಾಗಿ ಸರಿಹೋಗುತ್ತವೆ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, "ಸಾರ್, ನಮ್ಮೂರ ಕೆರೇಲಿ ಎಮ್ಮೆ ಇಳೀದಿದ್ರೆ ಹುಲ್ಲು ಕಟ್ಕಂಡು ನೀರೇ ಕಾಣಲ್ಲ" ಎಂದ. ತರಗತಿ ನಕ್ಕಿತು. ಅಧಿಕಪ್ರಸಂಗ ಮಾಡಬೇಡ, ಕೂತುಕೋ ಎಂದು ಗದರಿಸಿದೆ. ಅವನು ಕೂತ. ಆ ವರ್ಷ ಮತ್ತೆ ಅವನು ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ಅದೇ ಕಾಲದಲ್ಲಿ ಭರತಪುರದಲ್ಲಿ ಸೊಸೈಟಿಯ ವಿಜ್ಞಾನಿಗಳು, ಡಾ. ವಿ. ಎಸ್. ವಿಜಯನ್ ಅವರ ನೇತೃತ್ವದಲ್ಲಿ, 1980ರಿಂದ 1990ರವರೆಗೆ ಹತ್ತು ವರ್ಷ ಕೂತು ನೀರು, ಹುಲ್ಲು, ಮೀನು, ಹಕ್ಕಿ ಎಲ್ಲವನ್ನೂ ಅಭ್ಯಾಸ ಮಾಡುತ್ತಿದ್ದರು. ನಿಷೇಧ ಬಂದದ್ದು ಅಧ್ಯಯನದ ನಡುವೆಯಾದ್ದರಿಂದ ಅದರ ಮೊದಲಿನ ಸ್ಥಿತಿಯನ್ನೂ ಅನಂತರದ ಸ್ಥಿತಿಯನ್ನೂ ಹೋಲಿಸಿ ನೋಡುವ ಅಪೂರ್ವ ಅವಕಾಶ ಅವರಿಗೆ ದೊರೆಯಿತು. ಕಂಡದ್ದು ನಿರೀಕ್ಷೆಗೆ ಪೂರ್ತಿ ವಿರುದ್ಧ. ಪಾಸ್ಪಾಲಂ ಎಂಬ ಹುಲ್ಲು ಅಲ್ಲಿದೆ; ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ನೀರಿನ ಮೇಲೆ ಚಾಪೆಯಂತೆ ಹಬ್ಬುವಂಥದು. ಅದನ್ನು ಎಮ್ಮೆಗಳು ಎದೆಮಟ್ಟದ ನೀರಿಗಿಳಿದು ತಿಂದು ಹತೋಟಿಯಲ್ಲಿ ಇಟ್ಟಿದ್ದವು. ಎಮ್ಮೆ ಹೋದ ಮೇಲೆ ಅದು ತಿಳಿನೀರನ್ನೆಲ್ಲ ಮುಚ್ಚಿತು, ಕೊಳೆತು ತಳ ತುಂಬಿತು. ಕಾಲುವೆಯ ನೀರಿನೊಡನೆ ಬರುವ ಮೀನುಮರಿಗಳಿಗೆ ಜಾಗವಿಲ್ಲ. ಮೀನಿಲ್ಲದೆ ನೀರುಕಾಗೆ, ಬಣ್ಣದ ಕೊಕ್ಕರೆಗಳಿಗೆ ಆಹಾರವಿಲ್ಲ. ಬಾತುಗಳಿಗೆ ಇಳಿಯಲು ಬಯಲುನೀರಿಲ್ಲ. ಆಳವಿಲ್ಲದ ನೀರಿನ ಕೆಸರಿನಿಂದ ಗಡ್ಡೆ ಕಿತ್ತು ತಿನ್ನುವ ಸೈಬೀರಿಯಾದ ಬಿಳಿ ಕೊಕ್ಕರೆಗೂ ಇದು ತೊಡಕಾಯಿತು.

ಈ ಅಧ್ಯಯನದ ವರದಿ ನಿಷೇಧದಿಂದ ಜೌಗಿಗೆ ಕೇಡಾಯಿತೆಂದೇ ಹೇಳಿತು. ತಾವೇ ಬೆಂಬಲಿಸಿದ್ದ ಕ್ರಮ ತಪ್ಪೆಂದು ಅದೇ ಸೊಸೈಟಿಯ ವಿಜ್ಞಾನಿಗಳು ಬರೆದುಕೊಟ್ಟದ್ದು ನನಗೆ ಇಡೀ ಕಥೆಯಲ್ಲಿ ಬಹಳ ದೊಡ್ಡದಾಗಿ ಕಾಣುತ್ತದೆ. 1987ರಲ್ಲೇ ತೀರಿಕೊಂಡ ಸಾಲಿಂ ಅಲಿಯವರು ಅಂತಿಮ ವರದಿ ನೋಡಲಿಲ್ಲ. ಕಾನೂನು ಮಾತ್ರ ಬದಲಾಗಲಿಲ್ಲ. ಹಳ್ಳಿಗರು ಒಳಗೆ ಬಂದು ಹುಲ್ಲು ಕೊಯ್ದು ಹೊತ್ತೊಯ್ಯಬಹುದು ಎಂಬ ರಿಯಾಯಿತಿ ದೊರೆಯಿತು. ಕುಡುಗೋಲು ಎಮ್ಮೆಯಷ್ಟು ಆಳಕ್ಕೆ ಇಳಿಯುವುದಿಲ್ಲ.

ಎಲ್ಲ ತಪ್ಪನ್ನೂ ಹುಲ್ಲಿನ ಮೇಲೆ ಹೊರಿಸುವುದು ನ್ಯಾಯವಲ್ಲ. 1960ರ ದಶಕದ ನಡುವೆ ಭರತಪುರಕ್ಕೆ ಬರುತ್ತಿದ್ದ ಸೈಬೀರಿಯಾದ ಕೊಕ್ಕರೆಗಳು ಸುಮಾರು 200. ನಿಷೇಧಕ್ಕೆ ಮೊದಲೇ ಅವು ಕಡಿಮೆಯಾಗತೊಡಗಿದ್ದವು; ಅಫ್ಘಾನಿಸ್ತಾನ, ಪಾಕಿಸ್ತಾನಗಳ ಹಾದಿಯಲ್ಲಿ ನಡೆಯುತ್ತಿದ್ದ ಬೇಟೆ ಅದಕ್ಕೆ ದೊಡ್ಡ ಕಾರಣ. 2001-02ರ ಚಳಿಗಾಲದಲ್ಲಿ ಒಂದು ಜೋಡಿ ಬಂದಿತ್ತು. ಆಮೇಲೆ ಭರತಪುರಕ್ಕೆ ಅವು ಬರಲಿಲ್ಲ. ಅನಂತರ ಪಾಂಚನಾ ಅಣೆಕಟ್ಟಿನ ನೀರಿನ ಜಗಳ, ಬಳ್ಳಾರಿ ಜಾಲಿಯ ಹಾವಳಿ ಎಂದು ಬೇರೆ ಬೇರೆ ಸಂಕಟಗಳು ಬಂದವು. ಅವು ಇನ್ನೊಂದು ಲೇಖನಕ್ಕೆ ಆಗುವಷ್ಟಿವೆ.

ನಿವೃತ್ತನಾದ ಮೇಲೆ, 2022ರ ಡಿಸೆಂಬರಿನಲ್ಲಿ, ಸಂಸಾರಸಮೇತ ಅಲ್ಲಿಗೆ ಹೋಗಿದ್ದೆ. ಒಳಗೆ ಸೈಕಲ್ ರಿಕ್ಷಾದವರೇ ಹಕ್ಕಿ ತೋರಿಸುವವರು. ನಮ್ಮ ರಿಕ್ಷಾದವರು ವಯಸ್ಸಾದವರು, ಪಕ್ಕದ ಹಳ್ಳಿಯವರು. ಹಕ್ಕಿಗಳ ಇಂಗ್ಲಿಷ್ ಹೆಸರುಗಳನ್ನು ಪಟಪಟನೆ ಹೇಳುತ್ತಿದ್ದರು. ಒಂದು ಕಡೆ ರಿಕ್ಷಾ ನಿಲ್ಲಿಸಿ, ಸೈಬೀರಿಯಾದವು ಇಲ್ಲೇ ಇಳಿಯುತ್ತಿದ್ದವು ಎಂದರು. ನನ್ನ ಹರುಕು ಹಿಂದಿಯಲ್ಲಿ ಎಮ್ಮೆಗಳ ವಿಷಯ ಕೇಳಿದೆ. ಅವೂ ಇಲ್ಲೇ ಇಳಿಯುತ್ತಿದ್ದವು ಎಂದು ಅದೇ ಕಡೆಗೆ ಕೈ ತೋರಿಸಿದರು.

ಊರಿಗೆ ಬಂದವನು ಹಳೆಯ ವಿದ್ಯಾರ್ಥಿಗಳನ್ನು ವಿಚಾರಿಸಿ ಆ ಹುಡುಗನ ದೂರವಾಣಿ ಸಂಖ್ಯೆ ಪಡೆದೆ. ಹುಡುಗನೇನು, ಈಗ ಮೊಮ್ಮಗನಿರುವ ಗೃಹಸ್ಥ. ಭರತಪುರದ ಕಥೆಯನ್ನೆಲ್ಲ ಹೇಳಿ, ಅಂದು ನೀನು ಹೇಳಿದ್ದೇ ಸರಿ, ನಾನು ಗದರಿಸಿದ್ದು ತಪ್ಪು ಎಂದೆ.

"ನಾನು ಹಂಗೆ ಹೇಳಿದ್ನಾ ಸಾರ್? ನೆನಪೇ ಇಲ್ಲ" ಎಂದು ನಕ್ಕ.

ಆ ಕೆರೆ ಈಗ ಹೇಗಿದೆ ಎಂದು ಕೇಳಿದೆ.

"ಎಮ್ಮೆ ಸಾಕೋರು ಊರಲ್ಲಿ ಈಗ ಎರಡೇ ಮನೆ ಸಾರ್. ಕೆರೆ ತುಂಬ ಹುಲ್ಲು" ಎಂದ.