ಸೂಜಿಗಲ್ಲಿನ ಇನ್ನೊಂದು ಗುಣ

ಸೂಜಿಗಲ್ಲು ಎಂದೊಡನೆ ನಮಗೆ ನೆನಪಾಗುವುದು ಸೆಳೆತ. ಕನ್ನಡ ಅಧ್ಯಾಪಕನಾಗಿದ್ದ ನಾನು ಎಷ್ಟೋ ವರ್ಷ ತರಗತಿಯಲ್ಲಿ ಆ ಉಪಮೆಯನ್ನು ಸೆಳೆತಕ್ಕೇ ಮೀಸಲಿಟ್ಟು ವಿವರಿಸಿದವನು. ಆದರೆ ನಾವಿಕರ ದಿಕ್ಸೂಚಿಯನ್ನು ನೋಡಿ. ಅದರ ಮುಳ್ಳು ಉತ್ತರಕ್ಕೆ ಮುಖ ಮಾಡುತ್ತದೆಯೇ ಹೊರತು ಉತ್ತರದತ್ತ ಓಡಿಹೋಗುವುದಿಲ್ಲ. ಸೂಜಿಗಲ್ಲಿಗೆ ಸೆಳೆಯುವ ಗುಣದಂತೆ ತಿರುಗಿಸುವ ಗುಣವೂ ಉಂಟು. ಭೂಮಿಯೇ ಒಂದು ದೊಡ್ಡ ಸೂಜಿಗಲ್ಲೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲಿ ಪ್ರತಿಪಾದಿಸಿದ. ಆ ಭೂಮಿಯ ತಿರುಗಿಸುವ ಗುಣ 360 ವರ್ಷಗಳ ಅನಂತರ ಅಂತರಿಕ್ಷದಲ್ಲಿ ಬೆಳಕಿಗೆ ಬಂದ ಬಗೆಯನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ.

1960ರ ಏಪ್ರಿಲ್ 1ರಂದು ಅಮೆರಿಕವು ಟೈರಾಸ್-1 ಎಂಬ ಹವಾಮಾನ ಉಪಗ್ರಹವನ್ನು ಹಾರಿಸಿತು. ಸುಮಾರು 120 ಕಿಲೋಗ್ರಾಂ ತೂಕದ ಅದರೊಳಗೆ ಎರಡು ಟೆಲಿವಿಷನ್ ಕ್ಯಾಮೆರಾಗಳಿದ್ದವು. ಸುಮಾರು 700 ಕಿಲೋಮೀಟರ್ ಎತ್ತರದಲ್ಲಿ ಸಾಗುತ್ತ ಅದು ಬುಗುರಿಯಂತೆ ತನ್ನ ಸುತ್ತ ತಾನೂ ತಿರುಗುತ್ತಿತ್ತು. ರಭಸದಿಂದ ತಿರುಗುವ ಬುಗುರಿಯ ಅಕ್ಷ ಸುಲಭವಾಗಿ ಹೊರಳದೆಂಬ ನಂಬಿಕೆಯ ಮೇಲೆ ಈ ಏರ್ಪಾಡು ನಿಂತಿತ್ತು. ಕ್ಯಾಮೆರಾಗಳ ನೋಟ ಆ ಅಕ್ಷದ ದಿಕ್ಕಿಗೇ ಇದ್ದುದರಿಂದ ಪ್ರತಿ ಪ್ರದಕ್ಷಿಣೆಯಲ್ಲಿ ಸ್ವಲ್ಪ ಕಾಲ ಮಾತ್ರ ಭೂಮಿ ಕಾಣುತ್ತಿತ್ತು. ಉಳಿದಂತೆ ಬರಿದಾದ ಬಾನು. ಅಕ್ಷ ಎತ್ತ ಚಾಚಿದೆಯೆಂಬುದು ತಿಳಿಯದಿದ್ದರೆ, ಚಿತ್ರದಲ್ಲಿ ಕಂಡ ಮೋಡ ಯಾವ ನಾಡಿನ ಮೇಲಿನದೆಂದು ಹೇಳುವುದೂ ಕಷ್ಟವೇ.

ಅಕ್ಷವಾದರೋ ನಿಲ್ಲಬೇಕಾದಲ್ಲಿ ನಿಲ್ಲದೆ ಮೆಲ್ಲಮೆಲ್ಲನೆ ಹೊರಳತೊಡಗಿತು. ಅಲ್ಲಿ ತಳ್ಳುವವರು ಯಾರು? ವಿಜ್ಞಾನಿಗಳು ಲೆಕ್ಕ ಹಾಕಿ ಕಾರಣವನ್ನು ಕಂಡುಕೊಂಡರು. ಉಪಗ್ರಹದ ತಂತಿಗಳಲ್ಲಿ ಹರಿಯುತ್ತಿದ್ದ ವಿದ್ಯುತ್ತೇ ಅದನ್ನು ಒಂದು ಸಣ್ಣ ಸೂಜಿಗಲ್ಲನ್ನಾಗಿ ಮಾಡಿತ್ತು. ಭೂಮಿಯೆಂಬ ದೊಡ್ಡ ಸೂಜಿಗಲ್ಲು ಅದನ್ನು ದಿಕ್ಸೂಚಿಯ ಮುಳ್ಳಿನಂತೆ ತಿರುಗಿಸಲು ಹವಣಿಸುತ್ತಿತ್ತು. ಹಾಗಿದ್ದೂ ಟೈರಾಸ್-1 ತನ್ನ 78 ದಿನಗಳ ಆಯುಸ್ಸಿನಲ್ಲಿ ಸುಮಾರು 23,000 ಚಿತ್ರಗಳನ್ನು ತೆಗೆಯಿತು.

ಮುಂದೆ ನಡೆದದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಎಣಿಕೆಯನ್ನು ಕೆಡಿಸಿದ ಬಲವನ್ನು ಅವರು ಶತ್ರುವೆಂದು ಬಗೆಯಲಿಲ್ಲ. ಅದೇ ವರ್ಷ ನವೆಂಬರ್ 23ರಂದು ಹಾರಿದ ಟೈರಾಸ್-2ರಲ್ಲಿ ಬೇಕೆಂದೇ ಒಂದು ತಂತಿಯ ಸುರುಳಿಯನ್ನು ಇರಿಸಿದರು. ನೆಲದಿಂದ ಆಜ್ಞೆ ಕಳುಹಿಸಿ ಅದರಲ್ಲಿ ವಿದ್ಯುತ್ತನ್ನು ಹರಿಸಿದರೆ ಅಕ್ಷ ನಿಧಾನವಾಗಿ ಹೊರಳುವುದು. ತಿರುಗುವ ಬುಗುರಿಯನ್ನು ಓರೆ ಮಾಡಹೋದರೆ ಅದು ತಳ್ಳಿದತ್ತ ವಾಲದೆ ಪಕ್ಕಕ್ಕೆ ಸರಿಯುತ್ತದೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿತ್ತು. ಹೀಗೆ ತೊಡಕೇ ಚುಕ್ಕಾಣಿಯಾಯಿತು.

ಈ ಚುಕ್ಕಾಣಿಗೆ ಮಿತಿಗಳಿವೆ. ಭೂಮಿಯ ಕಾಂತಬಲ ಕ್ಷೀಣವಾದುದರಿಂದ ಅವಸರದ ಕೆಲಸ ಇದರಿಂದಾಗದು. ಭೂಮಿಯಿಂದ ದೂರ ಹೋದಷ್ಟೂ ಆ ಬಲ ಬೇಗಬೇಗನೆ ಕುಗ್ಗುತ್ತದೆ. ಕಾಂತರೇಖೆ ಯಾವ ದಿಕ್ಕಿಗಿದೆಯೋ ಆ ದಿಕ್ಕನ್ನೇ ಅಕ್ಷವಾಗಿಟ್ಟು ಉಪಗ್ರಹವನ್ನು ತಿರುಗಿಸುವುದೂ ಇದಕ್ಕೆ ಸಾಧ್ಯವಿಲ್ಲ; ಆ ರೇಖೆಯ ದಿಕ್ಕು ಬದಲಾಗುವವರೆಗೆ ಕಾಯಬೇಕು. ಆದರೆ ಇದಕ್ಕೆ ಇಂಧನ ಬೇಡ. ಬಿಸಿಲಿನಿಂದ ಪಡೆದ ವಿದ್ಯುತ್ತೇ ಸಾಕು. ಆದ್ದರಿಂದಲೇ 1990ರಲ್ಲಿ ಹಾರಿದ ಹಬಲ್ ದೂರದರ್ಶಕದಲ್ಲಿಯೂ, ಅದನ್ನು ಹೊರಳಿಸುವ ಚಕ್ರಗಳ ಮಿತಿಮೀರಿದ ವೇಗವನ್ನು ಇಳಿಸಲು ಇದೇ ಉಪಾಯವನ್ನು ಅಳವಡಿಸಿದರು.

ಮತ್ತೊಮ್ಮೆ ತರಗತಿಯಲ್ಲಿ ನಿಲ್ಲುವ ಭಾಗ್ಯ ನನಗೆ ಒದಗಿದರೆ ಹಳೆಯ ಉಪಮೆಯನ್ನು ತಿದ್ದಿಕೊಂಡು ಪಾಠ ಹೇಳಿಯೇನು. ಒಳ್ಳೆಯ ಗುರುವನ್ನು ಸೂಜಿಗಲ್ಲಿಗೆ ಹೋಲಿಸುವುದುಂಟಷ್ಟೆ. ಅವನು ಶಿಷ್ಯನನ್ನು ತನ್ನತ್ತ ಸೆಳೆದುಕೊಳ್ಳಬೇಕಾಗಿಲ್ಲ. ಅವನಿದ್ದಲ್ಲಿಯೇ ಅವನ ಮುಖವನ್ನು ಸರಿಯಾದ ದಿಕ್ಕಿಗೆ ತಿರುಗಿಸಿದರೂ ಸಾಕು.