ನ್ಯಾಯವೈದ್ಯಶಾಸ್ತ್ರದ ಚರಿತ್ರೆ ಮತ್ತು ಗ್ರಂಥಭಂಡಾರಗಳು: ಮೈಸೂರು, ಮದ್ರಾಸು, ಕಲ್ಕತ್ತ

ಭಾರತದ ನ್ಯಾಯವೈದ್ಯಶಾಸ್ತ್ರದ ಚರಿತ್ರೆಯನ್ನು ಹುಡುಕುವವರು ಸಹಜವಾಗಿಯೇ ವೈದ್ಯಗ್ರಂಥಗಳ ಕಪಾಟಿಗೆ ಕೈ ಹಾಕುತ್ತಾರೆ. ಆದರೆ ಮುಖ್ಯ ಆಕರಗಳು ಅಲ್ಲಿರುವುದು ಕಡಿಮೆ. ಅವು ರಾಜನೀತಿ, ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕಡತ, ಅದಾಲತ್ತಿನ ತೀರ್ಪು ಹೀಗೆ ಬೇರೆ ಬೇರೆ ವಿಭಾಗಗಳಲ್ಲಿ ಚದುರಿವೆ. ಇದು ಗ್ರಂಥಪಾಲಕರ ಅಲಕ್ಷ್ಯದಿಂದ ಆದದ್ದಲ್ಲ. ರೋಗಿಗಾಗಿ ಬರೆದದ್ದು ವೈದ್ಯಗ್ರಂಥವಾಗಿ ಉಳಿಯಿತು. ದಂಡಾಧಿಕಾರಿಗಾಗಿ ಬರೆದದ್ದು ಆಡಳಿತದ ಕಾಗದಗಳ ಜೊತೆ ಸೇರಿಹೋಯಿತು.

ಕನ್ನಡದ್ದೇ ಒಂದು ಉದಾಹರಣೆ ಈ ಭೇದವನ್ನು ತೋರಿಸುತ್ತದೆ. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಸ್ಥಾವರ ಮತ್ತು ಜಂಗಮ ವಿಷಗಳನ್ನು, ಅವುಗಳ ಲಕ್ಷಣ ಹಾಗೂ ಚಿಕಿತ್ಸೆಗಳನ್ನು ಪದ್ಯರೂಪದಲ್ಲಿ ವಿವರಿಸುವ ವಿಷವೈದ್ಯ ಗ್ರಂಥ. ವಿಷವನ್ನು ಇಷ್ಟು ಬಲ್ಲ ಕೃತಿಯ ಗುರಿ ರೋಗಿಯನ್ನು ಬದುಕಿಸುವುದು. ವಿಷ ಹಾಕಿದವನನ್ನು ಹಿಡಿಯುವುದು ಅದರ ಕೆಲಸವಲ್ಲ.

ಆ ಕೆಲಸವನ್ನು ಕೈಗೆತ್ತಿಕೊಂಡ ಗ್ರಂಥ ಸಿಕ್ಕಿದ್ದು ಮೈಸೂರಿನಲ್ಲಿ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದ ಗ್ರಂಥಲಿಪಿಯ ತಾಳೆಗರಿ ಕಟ್ಟಿನಲ್ಲಿ ಅಲ್ಲಿನ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಗುರುತಿಸಿದರು. 1909ರಲ್ಲಿ ಸಂಸ್ಕೃತ ಪಾಠ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಮಂತ್ರಿಪರಿಷತ್ತು, ಗೂಢಚಾರರು, ತೆರಿಗೆ ಇವುಗಳ ಮೇಲೆ ಹರಿದ ವಿದ್ವಾಂಸರ ಗಮನ ನಾಲ್ಕನೆಯ ಅಧಿಕರಣದ ಏಳನೆಯ ಅಧ್ಯಾಯದ ಮೇಲೆ ಅಷ್ಟಾಗಿ ಬೀಳಲಿಲ್ಲ. ಅದರ ವಿಷಯ ಆಶುಮೃತಕ ಪರೀಕ್ಷೆ, ಎಂದರೆ ಹಠಾತ್ತಾಗಿ ಸತ್ತವರ ದೇಹದ ತಪಾಸಣೆ.

ದೇಹಕ್ಕೆ ಎಣ್ಣೆ ಬಳಿದು ನೋಡಬೇಕೆಂಬುದು ಅಲ್ಲಿನ ಮೊದಲ ಸೂಚನೆ. ಕೈಕಾಲು ಊದಿ, ಕಣ್ಣು ತೆರೆದುಕೊಂಡು, ಕೊರಳಲ್ಲಿ ಗುರುತಿದ್ದರೆ ಉಸಿರುಕಟ್ಟಿಸಿ ಕೊಂದದ್ದು. ಹಲ್ಲುಗಳ ನಡುವೆ ನಾಲಿಗೆ ಕಚ್ಚಿಕೊಂಡು ಹೊಟ್ಟೆ ಉಬ್ಬಿದ್ದರೆ ನೀರಿನಲ್ಲಿ ಮುಳುಗಿ ಸತ್ತದ್ದು. ಕೈಕಾಲು, ಹಲ್ಲು, ಉಗುರು ಕಪ್ಪಾಗಿ ಬಾಯಲ್ಲಿ ನೊರೆಯಿದ್ದರೆ ವಿಷ. ದೇಹದಿಂದ ತೆಗೆದ ಅಂಶವನ್ನು ಬೆಂಕಿಗೆ ಹಾಕಿದಾಗ ಚಿಟಿಚಿಟಿ ಸದ್ದಾದರೆ, ಕಾಮನಬಿಲ್ಲಿನ ಬಣ್ಣ ಕಂಡರೆ ವಿಷವೆಂದೇ ತಿಳಿಯಬೇಕು. ಈ ಲಕ್ಷಣಗಳಲ್ಲಿ ಕೆಲವು ಇಂದಿನ ಪರೀಕ್ಷೆಗೆ ನಿಲ್ಲುವುದಿಲ್ಲ. ನನಗೆ ಹೆಚ್ಚು ಮುಖ್ಯವೆನಿಸುವುದು ಮುಂದಿನ ಭಾಗ: ಸತ್ತವನನ್ನು ಕರೆದವರು ಯಾರು, ಜೊತೆಗಿದ್ದವರು ಯಾರು, ಅಲ್ಲಿಗೆ ಕರೆತಂದವರು ಯಾರು, ಆಸ್ತಿಯ ಹಕ್ಕು ಯಾರದು, ಕಸುಬಿನಲ್ಲಿ ಪೈಪೋಟಿ ಯಾರೊಂದಿಗೆ ಇತ್ತು ಎಂದು ವಿಚಾರಿಸಬೇಕು. ಇಂದು ಪಂಚನಾಮೆ ಬರೆಯುವ ಪೊಲೀಸ್ ಅಧಿಕಾರಿಗೂ ಈ ಪ್ರಶ್ನೆಗಳು ಹೊಸವಲ್ಲ.

ಹಾಗೆಂದು ಪ್ರಾಚೀನ ಭಾರತದಲ್ಲಿ ಮರಣೋತ್ತರ ಪರೀಕ್ಷೆ ವಾಡಿಕೆಯಲ್ಲಿತ್ತೆಂದು ಸಾರುವುದು ಅವಸರದ ಮಾತಾದೀತು. ಅರ್ಥಶಾಸ್ತ್ರ ಹೇಳುವುದು ಏನು ಮಾಡಬೇಕೆಂದು. ಯಾರಾದರೂ ಹಾಗೆ ಮಾಡಿದರು ಎಂಬುದಕ್ಕೆ ಅದು ಸಾಕ್ಷಿಯಲ್ಲ.

ನಡೆದ ಘಟನೆಯ ದಾಖಲೆ ಬೇಕಿದ್ದರೆ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಕಡತಗಳಿಗೆ ಬರಬೇಕು. 1693ರಲ್ಲಿ ಕಂಪನಿಯ ವೈದ್ಯ ಎಡ್ವರ್ಡ್ ಬಲ್ಕ್‌ಲಿ ಆಡಳಿತ ಮಂಡಳಿಯ ಸದಸ್ಯ ವೀಲರ್‌ನ ಶವವನ್ನು ಕೊಯ್ದು ಪರೀಕ್ಷಿಸಿದ. ಔಷಧಕ್ಕಾಗಿ ಮುತ್ತು ಅರೆದ ಕಲ್ಲಿನಲ್ಲಿ ಮೊದಲು ಪಾಷಾಣ (ಆರ್ಸೆನಿಕ್) ಅರೆದಿತ್ತೆಂಬುದು ಆ ಸಾವಿನ ಹಿಂದಿನ ಕತೆ. ಪಾಷಾಣವನ್ನು ನಿಖರವಾಗಿ ಪತ್ತೆಹಚ್ಚುವ ಜೇಮ್ಸ್ ಮಾರ್ಷ್‌ನ ವಿಧಾನ ಬಂದದ್ದು 1836ರಲ್ಲಿ. ಹಾಗಾಗಿ ಬಲ್ಕ್‌ಲಿಯ ಕತ್ತರಿಗಿಂತ ಆ ಅರೆಯುವ ಕಲ್ಲಿನ ಸಂಗತಿಯೇ ಬಲವಾದ ಸಾಕ್ಷ್ಯವಾಗಿತ್ತೆಂದು ನನ್ನ ಊಹೆ.

ಮೂರನೆಯ ಆಕರ ಕಂಪನಿಯ ವೈದ್ಯ ನಾರ್ಮನ್ ಚೆವರ್ಸ್ 1856ರಲ್ಲಿ ಕಲ್ಕತ್ತದಲ್ಲಿ ಪ್ರಕಟಿಸಿದ ಬಂಗಾಳ ಮತ್ತು ವಾಯವ್ಯ ಪ್ರಾಂತ್ಯಗಳ ನ್ಯಾಯವೈದ್ಯ ಕೈಪಿಡಿ. 1870ರ ಆವೃತ್ತಿ ಇಡೀ ಭಾರತವನ್ನು ತನ್ನ ವ್ಯಾಪ್ತಿಗೆ ಎಳೆದುಕೊಂಡಿತು. ಚೆವರ್ಸ್ ಶವಾಗಾರದಲ್ಲಿ ಕೂತು ಮಾತ್ರ ಇದನ್ನು ಬರೆಯಲಿಲ್ಲ. ಕಂಪನಿ ಆಡಳಿತದ ಉಚ್ಚ ಅಪರಾಧ ನ್ಯಾಯಾಲಯವಾದ ನಿಜಾಮತ್ ಅದಾಲತ್ತಿನ ಮುದ್ರಿತ ತೀರ್ಪುಗಳನ್ನು ಜಾಲಾಡಿ ಪ್ರಕರಣಗಳನ್ನು ಹೆಕ್ಕಿದ. ದಾರಿಹೋಕರಿಗೆ ಉಮ್ಮತ್ತಿಯ ಬೀಜ ತಿನ್ನಿಸಿ ದೋಚುವುದು, ಪಾಷಾಣ, ಬಾವಿಯಲ್ಲಿ ಸಿಕ್ಕ ಹೆಣ ಇವೆಲ್ಲ ಅಲ್ಲಿವೆ. ದೂರದ ಠಾಣೆಯಿಂದ ಬಿಸಿಲಲ್ಲಿ ಸಾಗಿಬಂದ ಶವ ವೈದ್ಯನ ಮುಂದೆ ಬರುವಷ್ಟರಲ್ಲಿ ಕೊಳೆತಿರುತ್ತಿತ್ತೆಂಬ ಅಳಲೂ ಇದೆ. ಯುರೋಪಿನ ಪಠ್ಯಪುಸ್ತಕ ಇಲ್ಲಿ ಸಾಲದು ಎಂಬ ಅವನ ವಾದಕ್ಕೆ ಇದೇ ಗಟ್ಟಿ ಆಧಾರ.

ಇದೇ ಗ್ರಂಥದ ದೊಡ್ಡ ದೋಷವೂ ತೀರ್ಪುಗಳ ಮೇಲಿನ ಈ ಅವಲಂಬನೆಯಿಂದಲೇ ಹುಟ್ಟುತ್ತದೆ. ಅದಾಲತ್ತಿನ ಮೆಟ್ಟಿಲೇರಿದ ಅಪರಾಧಗಳನ್ನಷ್ಟೇ ಓದಿದ ಚೆವರ್ಸ್, ಅವುಗಳಿಂದ ಇಲ್ಲಿನ ಜನರ ಸ್ವಭಾವವನ್ನೇ ವರ್ಣಿಸಲು ಹೊರಟ. ತೀರ್ಪಿನ ಸಂಪುಟಗಳಲ್ಲಿ ಸಜ್ಜನರು ಕಾಣಸಿಗುವುದಾದರೂ ಎಲ್ಲಿ? ಸ್ಥಳೀಯ ಸಾಕ್ಷಿಗಳ ಮೇಲಿನ ಅಪನಂಬಿಕೆ ಕೃತಿಯುದ್ದಕ್ಕೂ ಎದ್ದು ಕಾಣುತ್ತದೆ. ಜನರ ಬಾಯಿಮಾತಿಗಿಂತ ಪ್ರಯೋಗಶಾಲೆಯ ಮಾತಿಗೆ ಬೆಲೆ ಏರಿದ್ದಕ್ಕೆ ರಸಾಯನವಿಜ್ಞಾನದ ಪ್ರಗತಿಯಷ್ಟೇ ಈ ಅಪನಂಬಿಕೆಯೂ ಕಾರಣವೆಂದು ನಾನು ಭಾವಿಸುತ್ತೇನೆ. ಸರ್ಕಾರಿ ರಾಸಾಯನಿಕ ಪರೀಕ್ಷಕರ ಹುದ್ದೆಗಳು ಮದ್ರಾಸು, ಕಲ್ಕತ್ತ, ಮುಂಬಯಿಗಳಲ್ಲಿ ಬೇರೂರಿದವು. 1898ರ ದಂಡ ಪ್ರಕ್ರಿಯಾ ಸಂಹಿತೆಯ 510ನೆಯ ಕಲಮು ಪರೀಕ್ಷಕರ ಸಹಿಯಿದ್ದ ವರದಿಯನ್ನೇ ಸಾಕ್ಷ್ಯವಾಗಿ ಒಪ್ಪಿಕೊಳ್ಳಲು ದಾರಿ ಮಾಡಿತು. ವಿಷ ಕಂಡವನು ಕಟಕಟೆಗೆ ಬರಲೇಬೇಕೆಂಬ ಕಟ್ಟುಪಾಡು ಇಲ್ಲವಾಯಿತು.